ಫೌನಾ ಅಂದ್ರೆ ಬರೀ ಪ್ರಾಣಿಯಲ್ಲ!

ಸೆಮಿಸ್ಟರ್ ರಜೆಗೆಂದು ಸಕಲೇಶಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಬ್ಯಾಗಿನಲ್ಲಿದ್ದ ಬಟ್ಟೆಗಿಂತ ರಿಸಲ್ಟೇ ಭಾರವಾಗಿತ್ತು. ಎರಡು ಬ್ಯಾಕ್! ಒಂದು ಗಣಿತ, ಇನ್ನೊಂದರ ಹೆಸರು ಹೇಳಲು ಈಗಲೂ ನಾಚಿಕೆ. ಅಪ್ಪ ಬೈಯಲಿಲ್ಲ. ಓದು ಒಗ್ಗದಿದ್ದರೆ ತೋಟ ನೋಡಿಕೊಂಡಿರು ಎಂದಷ್ಟೇ ಹೇಳಿ ಎದ್ದು ಹೋದರು. ಬೈದಿದ್ದರೇ ವಾಸಿಯಿತ್ತು.

ಅದೇ ಸಂಜೆ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ದೊಡ್ಡಪ್ಪನ ಮಗ ನನಗೊಂದು ಪ್ರಶ್ನೆ ಹಾಕಿದ. ಫೌನಾ ಎಂದರೇನು? ಪ್ರಾಣಿಗಳು ಎಂದೆ. ಅರ್ಧ ಮಾರ್ಕ್ಸ್ ಅಷ್ಟೇ ಎಂದು ನಕ್ಕ. ಒಂದು ಪ್ರದೇಶಕ್ಕೆ ಅಥವಾ ಒಂದು ಕಾಲಘಟ್ಟಕ್ಕೆ ಸೇರಿದ ಒಟ್ಟು ಪ್ರಾಣಿ ಸಂಕುಲಕ್ಕೆ ಆ ಹೆಸರು. ಗಿಡಮರಗಳಿಗೆ ಫ್ಲೋರಾ ಇದ್ದ ಹಾಗೆ. ಮೈಸೂರು ಮೃಗಾಲಯದ ಜಿರಾಫೆ ನಮ್ಮ ಫೌನಾ ಅಲ್ಲ, ಬಂಡೀಪುರದ ಕಾಟಿ ಹೌದು. ಉಳಿದ ಅರ್ಧ ಮಾರ್ಕ್ಸ್ ಹುಡುಕಿಕೊಂಡು ಹೊರಟ ನನಗೆ ಸಿಕ್ಕವನು ಕಾರ್ಲ್ ಲಿನೇಯಸ್.

ಪಿಯುಸಿ ಬಯಾಲಜಿಯಲ್ಲಿ ಅವನ ಹೆಸರು ಉರು ಹೊಡೆದಿದ್ದೆ. ಅವನ ಕಥೆ ಮಾತ್ರ ಗೊತ್ತಿರಲಿಲ್ಲ. 1707ರಲ್ಲಿ ದಕ್ಷಿಣ ಸ್ವೀಡನ್ನಿನ ಒಂದು ಹಳ್ಳಿಯಲ್ಲಿ ಹುಟ್ಟಿದ. ಅಪ್ಪ ಚರ್ಚಿನ ಪಾದ್ರಿ. ಮನೆಯ ಹಿಂದೆ ಅಪ್ಪನೇ ಬೆಳೆಸಿದ ಕೈತೋಟದಲ್ಲಿ ಗಿಡಗಳ ಹೆಸರು ಕಲಿತ ಹುಡುಗ, ಶಾಲೆ ಬಿಟ್ಟು ಹೊಲಗಳಲ್ಲಿ ಅಲೆಯುವುದನ್ನೇ ಇಷ್ಟಪಟ್ಟ. ಮಗನೂ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ. ಆದರೆ 19ನೇ ವಯಸ್ಸಿಗೆ ಬರುವ ಹೊತ್ತಿಗೆ ಮೇಷ್ಟ್ರುಗಳು ಕೈಚೆಲ್ಲಿದರು. ಇವನಿಗೆ ಓದು ಹತ್ತುವುದಿಲ್ಲ, ಬಟ್ಟೆಯೋ ಬೂಟೋ ಹೊಲಿಯುವ ಕೆಲಸಕ್ಕೆ ಹಾಕಿ ಎಂದು ಅಪ್ಪನಿಗೆ ಸಲಹೆ ಕೊಟ್ಟರು. ಇದನ್ನು ಓದುವಾಗ ನನಗೆ ನಮ್ಮ ಜಗುಲಿಯೇ ಕಣ್ಣ ಮುಂದೆ ಬಂತು.

ಅವನನ್ನು ಉಳಿಸಿದ್ದು ರಾಥ್‌ಮನ್ ಎಂಬ ವೈದ್ಯ. ಅದೇ ಶಾಲೆಯಲ್ಲಿ ಪಾಠವನ್ನೂ ಮಾಡುತ್ತಿದ್ದ ಅವರು ಹುಡುಗನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ವೈದ್ಯಶಾಸ್ತ್ರ, ಸಸ್ಯಶಾಸ್ತ್ರ ಕಲಿಸಿದರು. ಮುಂದೆ ಉಪ್ಸಲಾ ವಿಶ್ವವಿದ್ಯಾಲಯ ಸೇರಿದಾಗ ಕೈಯಲ್ಲಿ ಕಾಸಿಲ್ಲ. ಸವೆದ ಬೂಟಿನೊಳಗೆ ಕಾಗದ ತುರುಕಿಕೊಂಡು ನಡೆಯುತ್ತಿದ್ದನಂತೆ. ಊಟ, ವಸತಿ ಕೊಟ್ಟು ಕೈಹಿಡಿದವರು ಓಲೋಫ್ ಸೆಲ್ಸಿಯಸ್. ನಾವು ಉಷ್ಣಾಂಶ ಅಳೆಯುವಾಗ ನೆನೆಯುವ ಆಂಡರ್ಸ್ ಸೆಲ್ಸಿಯಸ್ ಅವರ ಚಿಕ್ಕಪ್ಪ ಇವರು!

1732ರಲ್ಲಿ ಲ್ಯಾಪ್‌ಲ್ಯಾಂಡ್ ಎಂಬ ಉತ್ತರದ ಚಳಿನಾಡಿಗೆ ಒಬ್ಬನೇ ಹೊರಟ. ಐದು ತಿಂಗಳು ಕುದುರೆ ಮೇಲೆ, ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ. 1741ರಲ್ಲಿ ಉಪ್ಸಲಾದಲ್ಲೇ ಪ್ರೊಫೆಸರ್ ಆದ. 1745ರಲ್ಲಿ ಸ್ವೀಡನ್ನಿನ ಗಿಡಗಳ ಬಗ್ಗೆ ‘ಫ್ಲೋರಾ ಸ್ವೆಸಿಕಾ’ ತಂದ. ಫ್ಲೋರಾ ರೋಮನ್ನರ ಹೂವಿನ ದೇವತೆ. ಆ ಹೆಸರು ಆಗಲೇ ಸಸ್ಯಗಳ ಪುಸ್ತಕಗಳ ಮೇಲಿತ್ತು. ಮರುವರ್ಷ, 1746ರಲ್ಲಿ, ಅದಕ್ಕೆ ಜೋಡಿಯಾಗಿ ಬಂದದ್ದು ‘ಫೌನಾ ಸ್ವೆಸಿಕಾ’. ಫೌನಾ ಕೂಡ ರೋಮನ್ ದೇವತೆಯೇ. ಕಾಡು, ಹೊಲ, ಮಂದೆಗಳನ್ನು ಕಾಯುವ ಫೌನಸ್ ದೇವರ ಹೆಂಡತಿ ಎಂದು ಕೆಲವರು, ತಂಗಿ ಎಂದು ಕೆಲವರು ಹೇಳುತ್ತಾರೆ. ಒಂದು ನಾಡಿನ ಪ್ರಾಣಿಗಳಿಗೆಲ್ಲ ಸೇರಿ ಒಂದೇ ಹೆಸರು ಎಂಬ ಬಳಕೆ ಈ ಪುಸ್ತಕದಿಂದ ಹಬ್ಬಿತು. ಸ್ವೆಸಿಕಾ ಎಂದರೆ ಸ್ವೀಡನ್ನಿನದು. ಪ್ರಾಣಿಯ ಪಕ್ಕದಲ್ಲೇ ಊರಿನ ಹೆಸರು! ನಾನು ಕಳೆದುಕೊಂಡ ಅರ್ಧ ಮಾರ್ಕ್ಸ್ ಇಲ್ಲೇ ಇತ್ತು.

ಅವನು ಹೇಳಿದ್ದೆಲ್ಲ ಸರಿ ಎಂದಲ್ಲ. ಮನುಷ್ಯರನ್ನೂ ಖಂಡ, ಬಣ್ಣ ನೋಡಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಸ್ವಭಾವ ಅಂಟಿಸಿದ. ಆ ತಪ್ಪಿನ ಫಲವನ್ನು ಜಗತ್ತು ಬಹಳ ಕಾಲ ಉಂಡಿತು. 1778ರ ಜನವರಿಯಲ್ಲಿ ಅವನು ತೀರಿಕೊಂಡ. ಆದರೆ 1758ರಲ್ಲಿ ಅವನು ಪ್ರಾಣಿಗಳಿಗೆ ಎರಡೆರಡು ಪದದ ಹೆಸರಿಟ್ಟ ಕ್ರಮ ಇಂದಿಗೂ ನಡೆಯುತ್ತಿದೆ. ನಮ್ಮ ರಾಜ್ಯಪ್ರಾಣಿ ಆನೆಗೆ ಎಲಿಫಸ್ ಮ್ಯಾಕ್ಸಿಮಸ್ ಎಂದು ಹೆಸರಿಟ್ಟವನು ಅವನೇ. ಭಾರತಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ.

ನಾನಾದರೋ ಆನೆ ಓಡಾಡುವ ಊರಲ್ಲೇ ಹುಟ್ಟಿದವನು. ಮರುದಿನ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅಪ್ಪನ ಹಿಂದೆ ತೋಟಕ್ಕೆ ಇಳಿದೆ. ನಮ್ಮ ತೋಟದ ಫೌನಾ ಬರೆಯಬೇಕೆಂದೆ. ಅಪ್ಪ ಒಮ್ಮೆ ಮುಖ ನೋಡಿದರು. ಆಮೇಲೆ ಹೇಳುತ್ತಾ ಹೋದರು. ಕೆಂದಳಿಲು, ಮುಳ್ಳುಹಂದಿ, ಕಾಫಿ ಹಣ್ಣು ತಿಂದು ಹೋಗುವ ಪುನುಗಿನ ಬೆಕ್ಕು, ಅತ್ತಿ ಹಣ್ಣಿಗೆ ಬರುವ ಮಂಗಟ್ಟೆ. ಇಪ್ಪತ್ತು ವರ್ಷದಲ್ಲಿ ಅಪ್ಪ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ತೋಟ ನೋಡಿಕೊಂಡಿರು ಎಂಬ ಮಾತು ಮತ್ತೆ ಬರಲಿಲ್ಲ.

ಸಂಜೆ ಹೊತ್ತು ದೊಡ್ಡಪ್ಪನ ಮಗ ಕೂರಿಸಿಕೊಂಡು ಗಣಿತ ಮಾಡಿಸಿದ. ಮೊನ್ನೆ ಎರಡೂ ಬ್ಯಾಕ್ ಬರೆದು ಬಂದಿದ್ದೇನೆ. ರಿಸಲ್ಟ್ ಇನ್ನೂ ಬಂದಿಲ್ಲ. ತೋಟದ ಪಟ್ಟಿ ಮಾತ್ರ 31ಕ್ಕೆ ಬಂದು ನಿಂತಿದೆ. 32ನೆಯದನ್ನು ನಿನ್ನೆ ರಾತ್ರಿ ಅಪ್ಪನೇ ಫೋನ್ ಮಾಡಿ ಹೇಳಿದರು.