ಮುಳ್ಳು ಚುಚ್ಚಿ ಕಾವಲುಗಾರರನ್ನು ಕಂಡ ಮೆಚ್ನಿಕಾಫ್

ಮಕ್ಕಳೇ, ಮೊಬೈಲ್‌ನಲ್ಲಿ ಕೋಟೆ ಕಾಯುವ ಆಟವನ್ನು ನಿಮ್ಮಲ್ಲಿ ಕೆಲವರಾದರೂ ಆಡಿರುತ್ತೀರಿ. ಒಂದು ದಾರಿಯಲ್ಲಿ ಶತ್ರುಗಳು ಸಾಲುಸಾಲಾಗಿ ಬರುತ್ತಾರೆ. ದಾರಿಯ ಪಕ್ಕದಲ್ಲಿ ಅಲ್ಲಲ್ಲಿ ಬುರುಜು ಕಟ್ಟಿ ನೀವು ಅವರನ್ನು ತಡೆಯಬೇಕು. ಶಿಕಾರಿಪುರ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಇಂಥದೇ ಒಂದು ಆಟದ ಬಗ್ಗೆ ನನಗೆ ಹೇಳಿದ. ಅದರಲ್ಲಿ ಕೋಟೆಯೆಂದರೆ ಮನುಷ್ಯನ ದೇಹ, ದಾರಿಯೆಂದರೆ ರಕ್ತನಾಳ, ಶತ್ರುಗಳೆಂದರೆ ರೋಗಾಣುಗಳು. ಬುರುಜಿನ ಜಾಗದಲ್ಲಿ ನಿಂತಿರುವುದು ಬಿಳಿ ರಕ್ತಕಣಗಳು! ಇದೆಲ್ಲ ನಿಜವೋ ಬರೀ ಆಟವೋ ಎಂಬುದು ಅವನ ಪ್ರಶ್ನೆ.

ಬಹುಪಾಲು ನಿಜ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಸೊರಬದ ಮಕ್ಕಳು ಚಂದ್ರಗುತ್ತಿ ಬೆಟ್ಟದ ಕೋಟೆಯನ್ನು ನೋಡಿರಬಹುದು. ಕಲ್ಲಿನ ಕೋಟೆ ಕಟ್ಟಿದ ಜಾಗದಲ್ಲೇ ಇರುತ್ತದೆ, ಶತ್ರು ಹತ್ತಿರ ಬರುವವರೆಗೆ ಕಾಯುತ್ತದೆ. ನಮ್ಮ ದೇಹದ ಕಾವಲುಗಾರರಲ್ಲಿ ಬಹಳ ಮಂದಿ ಹಾಗಲ್ಲ. ಅವರು ನಡೆಯುತ್ತಾರೆ. ಶತ್ರು ಇರುವಲ್ಲಿಗೆ ತಾವೇ ಹೋಗಿ ಅವನನ್ನು ನುಂಗುತ್ತಾರೆ. ಬಿಳಿ ರಕ್ತಕಣಗಳು ಚಲಿಸುವುದನ್ನು 19ನೇ ಶತಮಾನದ ಕೆಲವರು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಗಾಯದಲ್ಲಿನ ಬಿಳಿಕಣಗಳ ಒಳಗೆ ರೋಗಾಣುಗಳಿರುವುದನ್ನೂ ನೋಡಿದ್ದರು. ಆದರೆ ಅದರ ಅರ್ಥವನ್ನು ತಲೆಕೆಳಗು ಮಾಡಿಕೊಂಡಿದ್ದರು. ಈ ಕಣಗಳೇ ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂಬುದು ಆಗಿನ ಅನೇಕ ವೈದ್ಯರ ನಂಬಿಕೆ. ಕಾವಲುಗಾರನನ್ನೇ ಕಳ್ಳನೆಂದುಕೊಂಡ ಹಾಗೆ!

ಈ ತಪ್ಪನ್ನು ತಿದ್ದಿದವರು ಇಲ್ಯಾ ಮೆಚ್ನಿಕಾಫ್. ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು.

ಇಲ್ಯಾ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕಿವ್ ನಗರದ ಬಳಿಯ ಹಳ್ಳಿಯೊಂದರಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ತಂದೆ ಸೈನ್ಯದ ಅಧಿಕಾರಿ. ಮಗನ ವಿಜ್ಞಾನದ ಹುಚ್ಚಿಗೆ ಬೆಂಬಲ ಕೊಟ್ಟವರು ತಾಯಿ. ಗಿಡ, ಹುಳ, ಕಲ್ಲು, ಏನು ಸಿಕ್ಕಿದರೂ ಹುಡುಗ ಅದರ ಮೇಲೆ ಪಾಠ ಮಾಡುತ್ತಿದ್ದ. ಕೇಳುವವರು ಎದ್ದು ಹೋಗಬಾರದಲ್ಲ, ಅದಕ್ಕೆ ತಮ್ಮ ಕೈಖರ್ಚಿನ ಕಾಸನ್ನೇ ಅವರಿಗೆ ಕೊಡುತ್ತಿದ್ದನಂತೆ. (ನಾವು ಮೇಷ್ಟ್ರುಗಳು ಇನ್ನೂ ಆ ಮಟ್ಟಕ್ಕೆ ಇಳಿದಿಲ್ಲ.) ಖಾರ್ಕಿವ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದ. ಮುಂದೆ ಜರ್ಮನಿಯಲ್ಲಿ, ಇಟಲಿಯ ಕಡಲತೀರದಲ್ಲಿ ಸಣ್ಣ ಸಣ್ಣ ಪ್ರಾಣಿಗಳನ್ನು ಅಧ್ಯಯನ ಮಾಡಿದ. ಚಪ್ಪಟೆ ಹುಳುವಿನಂಥ ಜೀವಿಗಳಲ್ಲಿ ಆಹಾರವನ್ನು ಜೀವಕೋಶಗಳೇ ಒಳಕ್ಕೆ ಎಳೆದುಕೊಂಡು ಜೀರ್ಣಿಸುವುದನ್ನು ಕಂಡ. ಅಮೀಬಾ ಉಣ್ಣುವ ಹಾಗೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಪ್ಪತ್ತೆರಡನೇ ವಯಸ್ಸಿನಲ್ಲೇ ಒಡೆಸ್ಸಾ ನಗರದಲ್ಲಿ ಮೆಚ್ನಿಕಾಫ್ ಅಧ್ಯಾಪಕರಾದರು. 1869ರಲ್ಲಿ ಲುಡ್ಮಿಲಾ ಎಂಬ ಯುವತಿಯನ್ನು ಮದುವೆಯಾದರು. ಆಕೆಗೆ ಆಗಲೇ ಕ್ಷಯ. ಮದುವೆಯ ದಿನ ನಡೆಯಲು ಶಕ್ತಿಯಿಲ್ಲದೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ನಾಲ್ಕು ವರ್ಷ ಗಂಡ ಮಾಡಿದ ಆರೈಕೆ ಫಲಿಸಲಿಲ್ಲ. 1873ರಲ್ಲಿ ಲುಡ್ಮಿಲಾ ತೀರಿಕೊಂಡರು. ಕ್ಷಯ ಹೇಗೆ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ತೋರಿಸಿದ್ದು 1882ರಲ್ಲಿ. ಮೆಚ್ನಿಕಾಫ್ ದುಃಖದಲ್ಲಿ ಕುಸಿದುಹೋದರು. ಕಣ್ಣಿನ ತೊಂದರೆಯಿಂದ ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಕಷ್ಟವಾಗಿತ್ತು. ನಿಧಾನವಾಗಿ ಚೇತರಿಸಿಕೊಂಡು 1875ರಲ್ಲಿ ಓಲ್ಗಾ ಅವರನ್ನು ಮದುವೆಯಾದರು. ಓಲ್ಗಾ ಮುಂದೆ ಪ್ರಯೋಗಾಲಯದ ಕೆಲಸದಲ್ಲೂ ಜೊತೆಯಾದರು. ಗಂಡನ ಜೀವನಚರಿತ್ರೆಯನ್ನೂ ಬರೆದರು.

ಒಡೆಸ್ಸಾದಲ್ಲಿ ರಾಜಕೀಯ ಗಲಾಟೆಗಳು ಹೆಚ್ಚಾದಾಗ ಮೆಚ್ನಿಕಾಫ್ 1882ರಲ್ಲಿ ಕೆಲಸ ಬಿಟ್ಟು ಕುಟುಂಬದೊಡನೆ ಇಟಲಿಯ ಸಿಸಿಲಿ ದ್ವೀಪಕ್ಕೆ ಹೋದರು. ಮೆಸ್ಸಿನಾ ಎಂಬ ಊರಿನಲ್ಲಿ, ಕಡಲ ಪಕ್ಕದ ಮನೆಯ ಕೋಣೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡರು. ಮೀನುಗಾರರು ತಂದುಕೊಡುವ ಜೀವಿಗಳೇ ಅವರ ಪಾಠಪುಸ್ತಕ.

ಅದು ಡಿಸೆಂಬರ್ ತಿಂಗಳು. ಪಳಗಿದ ವಾನರಗಳ ಆಟ ನೋಡಲು ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದರು. ಮೆಚ್ನಿಕಾಫ್ ಒಬ್ಬರೇ ಮನೆಯಲ್ಲಿ ಕುಳಿತು ನಕ್ಷತ್ರ ಮೀನಿನ ಲಾರ್ವಾಗಳನ್ನು ನೋಡುತ್ತಿದ್ದರು. ಲಾರ್ವಾ ಎಂದರೆ ಮರಿಯ ಹಂತ. ಚಿಟ್ಟೆಗೆ ಕಂಬಳಿಹುಳು ಇದ್ದಂತೆ. ಇವು ಗಾಜಿನಂತೆ ಪಾರದರ್ಶಕ. ಕೊಯ್ಯದೆಯೇ ಒಳಗಿನದೆಲ್ಲ ಕಾಣುತ್ತದೆ. ಒಳಗೆ ಕೆಲವು ಕೋಶಗಳು ಅಮೀಬಾದಂತೆ ಕೈಕಾಲು ಚಾಚುತ್ತ ಓಡಾಡುತ್ತಿದ್ದವು. ಈ ಅಲೆಮಾರಿ ಕೋಶಗಳಿಗೆ ಇಲ್ಲೇನು ಕೆಲಸ? ಥಟ್ಟನೆ ಒಂದು ಯೋಚನೆ ಹೊಳೆಯಿತು. ಆಹಾರ ನುಂಗುವ ಕೋಶಗಳು ಮೈಯೊಳಗೆ ನುಗ್ಗಿದ ಶತ್ರುವನ್ನೂ ನುಂಗಬಾರದೇಕೆ?

ಇಲ್ಲಿ ಒಂದು ಕ್ಷಣ ನಿಲ್ಲೋಣ. ದರಗು ತರಲು ಕಾಡಿಗೆ ಹೋದಾಗ ನಿಮ್ಮ ಕಾಲಿಗೆ ಮುಳ್ಳು ಚುಚ್ಚಿದೆ ಎಂದುಕೊಳ್ಳಿ. ತುದಿ ಒಳಗೇ ಮುರಿಯಿತು. ಮರುದಿನ ಆ ಜಾಗ ಕೆಂಪಗಾಗಿ ಬಾತುಕೊಳ್ಳುತ್ತದೆ. ಮುಟ್ಟಿದರೆ ಬಿಸಿ. ಮತ್ತೆರಡು ದಿನಕ್ಕೆ ಕೀವು. ಇದನ್ನೇ ಉರಿಯೂತ ಎನ್ನುತ್ತಾರೆ. ಮೆಚ್ನಿಕಾಫ್ ನೆನೆದದ್ದೂ ಇದನ್ನೇ. ತಮ್ಮ ಯೋಚನೆ ಸರಿಯಾಗಿದ್ದರೆ, ರಕ್ತನಾಳವೇ ಇಲ್ಲದ ಈ ಪುಟ್ಟ ಲಾರ್ವಾಕ್ಕೆ ಮುಳ್ಳು ಚುಚ್ಚಿದರೂ ಅಲೆಮಾರಿ ಕೋಶಗಳು ಅದನ್ನು ಮುತ್ತಬೇಕು.

ಮನೆಯ ಪುಟ್ಟ ತೋಟಕ್ಕೆ ಹೋಗಿ ಗುಲಾಬಿ ಗಿಡದಿಂದ ಒಂದೆರಡು ಮುಳ್ಳು ಕಿತ್ತು ತಂದರು. ಸೂಕ್ಷ್ಮವಾಗಿ ಲಾರ್ವಾದ ಚರ್ಮದಡಿ ತೂರಿಸಿದರು. ಆ ರಾತ್ರಿ ನಿದ್ದೆಯೇ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ನೋಡಿದರೆ, ಮುಳ್ಳಿನ ಸುತ್ತ ಕೋಶಗಳು ಗುಂಪುಗೂಡಿ ನಿಂತಿದ್ದವು!

ನಾನು ಎಂ.ಎಸ್ಸಿ. ಓದುವಾಗ ಈ ಪ್ರಯೋಗವನ್ನು ಒಂದೇ ಸಾಲಿನಲ್ಲಿ ಓದಿ ದಾಟಿಬಿಟ್ಟಿದ್ದೆ. ಅದಕ್ಕೆ ಬೇಕಾದದ್ದು ಒಂದು ಮುಳ್ಳು, ಒಂದು ಸೂಕ್ಷ್ಮದರ್ಶಕ ಮತ್ತು ಒಂದು ರಾತ್ರಿಯ ಕಾಯುವಿಕೆ ಎಂಬುದು ಹೊಳೆದದ್ದು ಮೇಷ್ಟ್ರಾದ ಮೇಲೆ.

ಇಂಥ ಕೋಶಗಳಿಗೆ ಫ್ಯಾಗೊಸೈಟ್ ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ತಿನ್ನುವ ಕೋಶ ಎಂದು ಅರ್ಥ. ಕನ್ನಡದಲ್ಲಿ ಭಕ್ಷಕ ಕೋಶ. ಆದರೆ ಮುಳ್ಳು ರೋಗಾಣುವಲ್ಲವಲ್ಲ? ಆ ಸಾಕ್ಷಿ ಸಿಕ್ಕಿದ್ದು ನೀರುಚಿಗಟದಲ್ಲಿ. ಇದು ಕೆರೆಕುಂಟೆಗಳಲ್ಲಿ ಜಿಗಿಯುತ್ತ ಈಜುವ, ಸಾಸಿವೆ ಕಾಳಿಗಿಂತ ಚಿಕ್ಕದಾದ ಜೀವಿ. ಇದರ ಮೈಯೂ ಪಾರದರ್ಶಕ. ಸೂಜಿಯಂಥ ಬೀಜಕಗಳಿರುವ ಒಂದು ಶಿಲೀಂಧ್ರ ಇದಕ್ಕೆ ರೋಗ ತರುತ್ತದೆ. ಬೀಜಕ ಕರುಳನ್ನು ತೂರಿ ಒಳಬಂದ ಕೂಡಲೇ ಭಕ್ಷಕ ಕೋಶಗಳು ಅದಕ್ಕೆ ಮುತ್ತಿಗೆ ಹಾಕಿ ಕರಗಿಸುವುದನ್ನು ಮೆಚ್ನಿಕಾಫ್ ಕಣ್ಣಾರೆ ಕಂಡರು. ಕೋಶಗಳು ಗೆದ್ದರೆ ನೀರುಚಿಗಟ ಬದುಕುತ್ತಿತ್ತು. ಬೀಜಕಗಳು ಹೆಚ್ಚಾಗಿ ಕೋಶಗಳು ಸೋತರೆ ಅದು ಸಾಯುತ್ತಿತ್ತು. 1884ರಲ್ಲಿ ಇದನ್ನು ಪ್ರಕಟಿಸಿದರು.

ಕೋಶಗಳಿಗೆ ದಾರಿ ತೋರಿಸುವವರು ಯಾರು? ಆಟದಲ್ಲಾದರೆ ನಿಮ್ಮ ಬೆರಳು. ದೇಹದಲ್ಲಿ ಆಜ್ಞೆ ಕೊಡುವವರಿಲ್ಲ. ಗಾಯವಾದ ಜಾಗದಿಂದ ಕೆಲವು ರಾಸಾಯನಿಕಗಳು ಹೊರಡುತ್ತವೆ. ಬೆಲ್ಲದ ವಾಸನೆಗೆ ಇರುವೆ ಬರುವ ಹಾಗೆ ಬಿಳಿಕಣಗಳು ಆ ಜಾಡು ಹಿಡಿದು, ರಕ್ತನಾಳದ ಗೋಡೆಯ ಸಂದಿಯಲ್ಲಿ ತೂರಿಕೊಂಡು ಹೊರಬರುತ್ತವೆ. ರೋಗಾಣುವನ್ನು ನುಂಗಿ ಒಳಗೆ ಕರಗಿಸುತ್ತವೆ. ಸತ್ತ ಬಿಳಿಕಣಗಳೂ ರೋಗಾಣುಗಳೂ ಸೇರಿದ್ದೇ ಕೀವು. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿಕಣಗಳಿರುತ್ತವೆ. ಆಟ ಹೇಳುವ ಬುರುಜುಗಳೂ ಸುಳ್ಳಲ್ಲ. ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ, ಗುಲ್ಮದಲ್ಲಿ ಕೆಲವು ಭಕ್ಷಕ ಕೋಶಗಳು ಅಲ್ಲಲ್ಲೇ ಠಾಣೆ ಹೂಡಿ ಬಂದದ್ದನ್ನು ಹಿಡಿಯುತ್ತವೆ. ಆ ಹುಡುಗನಿಗೆ ಅಂದು ಇದನ್ನು ಹೇಳಲು ಮರೆತಿದ್ದೆ.

ಮೆಚ್ನಿಕಾಫ್ ಅವರ ಮಾತನ್ನು ಜಗತ್ತು ಕೂಡಲೇ ಒಪ್ಪಿತೇ? ಇಲ್ಲ. 1886ರಲ್ಲಿ ಒಡೆಸ್ಸಾದಲ್ಲಿ ಲಸಿಕೆ ಕೊಡುವ ಹೊಸ ಕೇಂದ್ರಕ್ಕೆ ಅವರು ಮುಖ್ಯಸ್ಥರಾದರು. ವೈದ್ಯ ಪದವಿ ಇಲ್ಲದವರೆಂದು ಸ್ಥಳೀಯ ವೈದ್ಯರು ವಿರೋಧಿಸಿದರು. ಅವರು ಊರಿನಲ್ಲಿಲ್ಲದಾಗ ಕುರಿಗಳಿಗೆ ಕೊಟ್ಟ ಲಸಿಕೆ ಎಡವಟ್ಟಾಗಿ ಬಹಳಷ್ಟು ಕುರಿಗಳು ಸತ್ತವು. ಬೇಸತ್ತ ಅವರಿಗೆ 1888ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ತಮ್ಮ ಸಂಸ್ಥೆಯಲ್ಲೇ ಜಾಗ ಕೊಟ್ಟರು. ಕೊನೆಯವರೆಗೂ ಅವರು ಅಲ್ಲೇ ಉಳಿದರು. ಒಡೆಸ್ಸಾದ ಅವರ ಶಿಷ್ಯ ಹಾಫ್‌ಕಿನ್ ಕೂಡ ಅಲ್ಲಿಗೆ ಬಂದರು. ಈ ಹಾಫ್‌ಕಿನ್ ಮುಂದೆ ಭಾರತಕ್ಕೆ ಬಂದು, ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು.

ಜರ್ಮನಿಯ ವಿಜ್ಞಾನಿಗಳ ವಾದ ಬೇರೆಯಿತ್ತು. ರಕ್ಷಣೆ ಇರುವುದು ಕೋಶಗಳಲ್ಲಲ್ಲ, ರಕ್ತದ ದ್ರವದಲ್ಲಿ ಎಂದರು ಅವರು. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಇದಕ್ಕೆ ಬಲವಾದ ಪುರಾವೆ ಕೊಟ್ಟರು. ಧನುರ್ವಾಯುವಿಗೆ ಪ್ರತಿರೋಧ ಬೆಳೆಸಿಕೊಂಡ ಪ್ರಾಣಿಯ ರಕ್ತದ್ರವ ಬೇರೆ ಪ್ರಾಣಿಯನ್ನೂ ಕಾಪಾಡಿತು. ಇದು ಮೆಚ್ನಿಕಾಫ್‌ಗೆ ದೊಡ್ಡ ಪೆಟ್ಟು. ವರ್ಷಗಟ್ಟಲೆ ಜಗಳ ನಡೆಯಿತು. ಮೆಚ್ನಿಕಾಫ್ ಪ್ರತಿಯೊಂದು ಆಕ್ಷೇಪಕ್ಕೂ ಹೊಸ ಪ್ರಯೋಗದಿಂದ ಉತ್ತರ ಕೊಟ್ಟರು. ನಿಜ ಹೇಳಬೇಕೆಂದರೆ ಅವರೂ ಕೆಲವೊಮ್ಮೆ ಹದ ಮೀರಿದರು. ಕೂದಲು ನರೆಯುವುದೂ ಭಕ್ಷಕ ಕೋಶಗಳು ಬಣ್ಣವನ್ನು ತಿನ್ನುವುದರಿಂದ ಎಂದರು. ಅದು ತಪ್ಪು.

1903ರಲ್ಲಿ ಇಂಗ್ಲೆಂಡಿನ ಆಲ್ಮ್ರಾತ್ ರೈಟ್ ಮತ್ತು ಡಗ್ಲಾಸ್ ಒಂದು ಸಂಗತಿ ಕಂಡುಹಿಡಿದರು. ರಕ್ತದ್ರವದಲ್ಲಿರುವ ಕೆಲವು ವಸ್ತುಗಳು ರೋಗಾಣುವಿಗೆ ಅಂಟಿಕೊಳ್ಳುತ್ತವೆ. ಹಾಗೆ ಗುರುತು ಬಿದ್ದ ರೋಗಾಣುವನ್ನು ಭಕ್ಷಕ ಕೋಶಗಳು ಸುಲಭವಾಗಿ ನುಂಗುತ್ತವೆ. ಅಂದರೆ ದ್ರವವೂ ಕೋಶವೂ ಜೊತೆಯಾಗಿ ದುಡಿಯುತ್ತವೆ! 1908ರ ನೊಬೆಲ್ ಪ್ರಶಸ್ತಿ ಮೆಚ್ನಿಕಾಫ್‌ಗೂ ಎದುರು ಪಕ್ಷದ ಪಾಲ್ ಎರ್ಲಿಕ್‌ಗೂ ಸೇರಿ ಬಂತು.

ಈ ಎರಡು ಪಡೆಗಳ ಕೆಲಸ ನಮ್ಮ ಸೊರಬಕ್ಕೆ ಬಹಳ ಹತ್ತಿರದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸದೊಂದು ವೈರಸ್ ಪತ್ತೆ ಮಾಡಿದರು. ಅದೇ ಮಂಗನ ಕಾಯಿಲೆ. ಜಗತ್ತಿನ ಪುಸ್ತಕಗಳಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಹೆಸರೇ ಇದೆ. ಇದನ್ನು ತರುವುದು ಕಾಡಿನ ಉಣುಗು. ಉಣುಗು ಕಚ್ಚಿದಾಗ ಅದರ ಜೊಲ್ಲಿನೊಡನೆ ವೈರಸ್ ಚರ್ಮದೊಳಗೆ ಇಳಿಯುತ್ತದೆ. ಅಲ್ಲಿ ಕಾದಿರುವುದು ಮೆಚ್ನಿಕಾಫ್ ಕಂಡ ಕಾವಲುಗಾರರೇ. ಆದರೆ ಉಣುಗಿನಿಂದ ಬರುವ ಇಂಥ ವೈರಸ್‌ಗಳಲ್ಲಿ ಕೆಲವು ನುಂಗಿದ ಕೋಶದ ಒಳಗೇ ಬೆಳೆಯಬಲ್ಲವು. ಶತ್ರು ಬುರುಜಿನ ಒಳಗೇ ಮನೆ ಮಾಡಿದಂತೆ. ಆಗ ರಕ್ತದಲ್ಲಿನ ಪ್ರತಿಕಾಯಗಳು ಬೇಕು, ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಬೇರೆ ಬಿಳಿಕಣಗಳೂ ಬೇಕು. ಇವು ಸಿದ್ಧವಾಗಲು ಕೆಲವು ದಿನ ಹಿಡಿಯುತ್ತದೆ. ಶತ್ರುವಿನ ಗುರುತನ್ನು ಮೊದಲೇ ಕಲಿಸಿಡುವುದು ಲಸಿಕೆಯ ಕೆಲಸ. ಈ ಕಾಯಿಲೆಗೆ ಬಹಳ ವರ್ಷ ಕೊಡುತ್ತಿದ್ದ ಹಳೆಯ ಲಸಿಕೆ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಲಾಯಿತು. ಹೊಸದನ್ನು ತಯಾರಿಸಲು ವಿಜ್ಞಾನಿಗಳು ತೊಡಗಿದ್ದಾರೆ. ಹಾಗಾಗಿ ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಮೆಚ್ನಿಕಾಫ್ ಮುಪ್ಪಿನಲ್ಲಿ ಮುಪ್ಪಿನ ಬಗ್ಗೆಯೇ ಯೋಚಿಸಿದರು. ದೊಡ್ಡ ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳಿಂದ ಮುಪ್ಪು ಬೇಗ ಬರುತ್ತದೆ, ಮೊಸರಿನ ಬ್ಯಾಕ್ಟೀರಿಯಾ ಅದನ್ನು ತಡೆಯುತ್ತದೆ ಎಂದು ನಂಬಿ ದಿನವೂ ಹುಳಿ ಹಾಲು ಕುಡಿದರು. ಯೂರೋಪಿನಲ್ಲಿ ಮೊಸರಿಗೆ ಭಾರಿ ಗಿರಾಕಿ ಬಂತು. ಮೊಸರು ಆಯುಷ್ಯ ಹೆಚ್ಚಿಸುತ್ತದೆಂಬುದು ಸಾಬೀತಾಗಲಿಲ್ಲ, ಆದರೆ ಕರುಳಿನ ಬ್ಯಾಕ್ಟೀರಿಯಾಗಳ ಅಧ್ಯಯನ ಇಂದು ದೊಡ್ಡ ವಿಜ್ಞಾನವಾಗಿದೆ. 1914ರಲ್ಲಿ ಮಹಾಯುದ್ಧ ಶುರುವಾಗಿ ಸಂಸ್ಥೆಯ ಯುವಕರೆಲ್ಲ ರಣರಂಗಕ್ಕೆ ಹೋದರು. 1916ರ ಜುಲೈನಲ್ಲಿ ಹೃದಯದ ಕಾಯಿಲೆಯಿಂದ ಮೆಚ್ನಿಕಾಫ್ ತೀರಿಕೊಂಡರು. ಅವರ ಚಿತಾಭಸ್ಮ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಮಾಡಿ ನೋಡಿ: ನಿಮ್ಮ ಮೇಷ್ಟ್ರೊಡನೆ ಹೋಗಿ ಊರ ಕೆರೆಯಂಚಿನ, ಪಾಚಿಯಿರುವ ಕಡೆಯ ನೀರನ್ನು ಗಾಜಿನ ಲೋಟದಲ್ಲಿ ತನ್ನಿ. ಬೆಳಕಿಗೆ ಹಿಡಿಯಿರಿ. ಬಿಳಿಯ ಚುಕ್ಕೆಗಳು ಕುಪ್ಪಳಿಸುತ್ತ ಮೇಲೆ ಕೆಳಗೆ ಹೋಗುತ್ತಿದ್ದರೆ ಅವು ನೀರುಚಿಗಟಗಳಿರಬಹುದು. ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ. ಬೆನ್ನಿನ ಕಡೆ ಪಟಪಟನೆ ಬಡಿಯುವುದು ಅದರ ಹೃದಯ. ನೋಡಿದ ಮೇಲೆ ಅವನ್ನು ಕೆರೆಗೇ ಬಿಡಿ, ಸೋಪಿನಿಂದ ಕೈ ತೊಳೆದುಕೊಳ್ಳಿ.