ರೈತರ ದಂಡಿಸ್ವಾಮಿ ಸಹಜಾನಂದ ಸರಸ್ವತಿ

ಕಾವಿಯುಟ್ಟು ದಂಡ ಧರಿಸಿದ ಅದ್ವೈತ ಸಂನ್ಯಾಸಿಯೊಬ್ಬರು ಕಮ್ಯೂನಿಸ್ಟರೊಡನೆ ಕೂಡಿ ರೈತರನ್ನು ಸಂಘಟಿಸಿದರೆಂದರೆ ಕೆಲವರಿಗೆ ವಿಚಿತ್ರವೆನಿಸೀತು. ಬಿಹಾರದ ಸ್ವಾಮಿ ಸಹಜಾನಂದ ಸರಸ್ವತಿಯವರ ಬಾಳಿನಲ್ಲಿ ಇವೆರಡಕ್ಕೂ ಎಡೆಯಿತ್ತು.

1889ರಲ್ಲಿ ಘಾಜೀಪುರ ಜಿಲ್ಲೆಯ ದೇವಾ ಗ್ರಾಮದಲ್ಲಿ ಜನಿಸಿದ ಇವರ ಪೂರ್ವಾಶ್ರಮದ ನಾಮ ನೌರಂಗ ರಾಯ್. ಎಳವೆಯಲ್ಲಿಯೇ ತಾಯಿಯನ್ನೂ, ಮುಂದೆ ಹರೆಯದಲ್ಲಿ ಪತ್ನಿಯನ್ನೂ ಕಳೆದುಕೊಂಡು, ಶಾಲಾವ್ಯಾಸಂಗವನ್ನು ತೊರೆದು 1907ರಲ್ಲಿ ಕಾಶಿಯಲ್ಲಿ ಸಂನ್ಯಾಸ ಸ್ವೀಕರಿಸಿದರು. ವ್ಯಾಕರಣ, ನ್ಯಾಯ, ಮೀಮಾಂಸೆಗಳಲ್ಲಿ ಪರಿಶ್ರಮ ಮಾಡಿದರು. ಮೊದಲು ತಮ್ಮ ಭೂಮಿಹಾರ ಬ್ರಾಹ್ಮಣ ಸಮಾಜದ ಗೌರವಕ್ಕಾಗಿ ದುಡಿದು, 1920ರಲ್ಲಿ ಗಾಂಧೀಜಿಯವರನ್ನು ಕಂಡ ಮೇಲೆ ಅಸಹಕಾರ ಚಳವಳಿಗಿಳಿದು ಸೆರೆಮನೆ ಸೇರಿದರು.

1927ರಲ್ಲಿ ಪಾಟ್ನಾ ಸಮೀಪದ ಬಿಹಟಾದಲ್ಲಿ ಸೀತಾರಾಮ ಆಶ್ರಮ ನೆಲೆಗೊಂಡುದು ಬಾಲಕರಿಗೆ ಸಂಸ್ಕೃತ ಕಲಿಸುವ ಉದ್ದೇಶದಿಂದ. ಆದರೆ ಸುತ್ತಣ ರೈತರ ಗೋಳು ಅಲ್ಲಿ ಕಿವಿಗೆ ಬೀಳತೊಡಗಿತು: ಬಿಟ್ಟಿ ದುಡಿತ, ಕಾನೂನಿಗೆ ಹೊರತಾದ ವಸೂಲಿ, ಗೇಣಿ ಬಾಕಿಯ ನೆಪದಲ್ಲಿ ಹೊಲ ಕಸಿಯುವಿಕೆ. ಪೀಡಿಸುತ್ತಿದ್ದ ಜಮೀನುದಾರರಲ್ಲಿ ಸ್ವಸಮಾಜದವರೂ ಇದ್ದರು. ಸ್ವಾಮಿಗಳಿಗೆ ನಿಜವಾದ ಪರೀಕ್ಷೆ ಒದಗಿದ್ದು ಇಲ್ಲಿಯೇ. ಅವರು ಜಾತಿಯ ಕಡೆಗೆ ನಿಲ್ಲಲಿಲ್ಲ. 1929ರಲ್ಲಿ ಬಿಹಾರ ಪ್ರಾಂತೀಯ ಕಿಸಾನ್ ಸಭೆಯನ್ನು ಕಟ್ಟಿದಾಗಲೂ ಇಬ್ಬಣದವರನ್ನೂ ಹೊಂದಿಸಬಹುದೆಂಬ ಆಸೆ ಅವರಿಗಿತ್ತು. 1934ರ ಘೋರ ಭೂಕಂಪದ ತರುವಾಯವೂ ಜಮೀನುದಾರರು ಗೇಣಿಗಾಗಿ ಪೀಡಿಸುತ್ತಿರಲು, ಅದನ್ನು ಗಾಂಧೀಜಿಯವರಲ್ಲಿ ನಿವೇದಿಸಿದರು. ದರ್ಭಾಂಗಾ ಮಹಾರಾಜರು ರೈತರ ಕಷ್ಟವನ್ನು ಪರಿಹರಿಸುವರೆಂಬ ಉತ್ತರ ದೊರೆಯಿತು. ಅಂದಿಗೆ ಗುರುಭಾವ ಕಡಿಯಿತು.

1936ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ಅಖಿಲ ಭಾರತ ಕಿಸಾನ್ ಸಭೆಗೆ ಇವರೇ ಪ್ರಥಮಾಧ್ಯಕ್ಷರು. 1940ರ ರಾಮಗಢ ಸಮ್ಮೇಳನದಲ್ಲಿ ಸುಭಾಷಚಂದ್ರ ಬೋಸರ ಜೊತೆಗಿದ್ದು, ಮುಂದೆ ಬಂಧಿತರಾಗಿ 1942ರವರೆಗೆ ಹಜಾರಿಬಾಗ್ ಸೆರೆಯಲ್ಲಿದ್ದರು. ಅಲ್ಲಿ ರಚಿತವಾದ ‘ಗೀತಾ ಹೃದಯ’ದಲ್ಲಿ ಭಗವದ್ಗೀತೆಯ ಧರ್ಮಕ್ಕೂ ಮಾರ್ಕ್ಸನ ಸಿದ್ಧಾಂತಕ್ಕೂ ವಿರೋಧವಿಲ್ಲವೆಂದು ಪ್ರತಿಪಾದಿಸಿದರು. ಈ ಸಮನ್ವಯವನ್ನು ಪಂಡಿತರೆಲ್ಲರೂ ಒಪ್ಪಲಾರರು, ಕಮ್ಯೂನಿಸ್ಟರೂ ಅಷ್ಟೆ. ಶಾಸ್ತ್ರವನ್ನರಿಯದವರ ಮಾತೆಂದು ಮಾತ್ರ ತಳ್ಳುವಂತಿಲ್ಲ.

1945ರಲ್ಲಿ ಕಮ್ಯೂನಿಸ್ಟರಿಂದಲೂ ದೂರವಾದರು. ಆದರೂ ರೈತರ ಕೈ ಬಿಡಲಿಲ್ಲ, ಕಾವಿಯನ್ನೂ ಬಿಡಲಿಲ್ಲ. 1950ರ ಜೂನ್ 26ರಂದು ಮುಜಫ್ಫರಪುರದಲ್ಲಿ ದೇಹವಿಟ್ಟರು. ಜಮೀನುದಾರಿಯನ್ನು ತೊಡೆಯುವ ಬಿಹಾರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು ಅದೇ ಸೆಪ್ಟೆಂಬರಿನಲ್ಲಿ; ಮರುವರ್ಷ ಪಾಟ್ನಾ ಉಚ್ಚ ನ್ಯಾಯಾಲಯವು ಅದನ್ನು ಅಸಿಂಧುವೆನ್ನಲು, ಅದನ್ನುಳಿಸಲೆಂದು ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯನ್ನೇ ತರಬೇಕಾಯಿತು.