ವೈರಾಗ್ಯನಿಧಿ ಅಕ್ಕಮಹಾದೇವಿ: ಉಡುತಡಿಯಿಂದ ಕದಳಿಯವರೆಗೆ

ತೀರ್ಥಹಳ್ಳಿ ರಸ್ತೆಯಲ್ಲಿ ಬರುವ ಭಕ್ತಾದಿಗಳು ಗಾಜನೂರಿನ ತುಂಗಾ ಅಣೆಕಟ್ಟನ್ನು ನೋಡಿಯೇ ಇರುತ್ತೀರಿ. ಅಲ್ಲಿ ನಿಂತ ನೀರು ಮುಂದೆ ಶಿವಮೊಗ್ಗ ದಾಟಿ, ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ, ತುಂಗಭದ್ರೆ ಎನಿಸಿಕೊಂಡು, ಕೊನೆಗೆ ಕೃಷ್ಣೆಯಲ್ಲಿ ಬೆರೆತು ಶ್ರೀಶೈಲದ ಪಾತಾಳಗಂಗೆಯವರೆಗೂ ಹೋಗುತ್ತದೆ. 12ನೇ ಶತಮಾನದಲ್ಲಿ ಇದೇ ಜಿಲ್ಲೆಯ ಹೆಣ್ಣುಮಗಳೊಬ್ಬಳು ಅದೇ ಶ್ರೀಶೈಲವನ್ನು ಕಾಲ್ನಡಿಗೆಯಲ್ಲಿ ಮುಟ್ಟಿದಳು. ಆಕೆಯೇ ಶರಣೆ ಅಕ್ಕಮಹಾದೇವಿ.

ಅಕ್ಕನ ಊರು ಶಿಕಾರಿಪುರ ತಾಲ್ಲೂಕಿನ ಉಡುತಡಿ. ಈಗ ಉಡುಗಣಿ ಅಂತಲೂ ಕರೆಯುತ್ತಾರೆ. ಅಲ್ಲಮಪ್ರಭುಗಳ ಬಳ್ಳಿಗಾವೆ ಅಲ್ಲಿಗೆ ದೂರವಿಲ್ಲ. ನಿರ್ಮಲ, ಸುಮತಿ ಎಂಬ ಶಿವಭಕ್ತ ದಂಪತಿಗಳ ಮಗಳು. ಚಿಕ್ಕಂದಿನಿಂದಲೇ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡವಳು.

ಊರಿನ ಅರಸ ಕೌಶಿಕ ಆಕೆಯ ರೂಪಕ್ಕೆ ಮರುಳಾಗಿ ಮದುವೆಗೆ ಹಟ ಹಿಡಿದ. ಕೊಡದಿದ್ದರೆ ತಂದೆತಾಯಿಗೆ ಉಳಿಗಾಲವಿಲ್ಲ ಎಂಬ ಬೆದರಿಕೆಯೂ ಬಂತು. ಮದುವೆ ಆಗಲೇ ಇಲ್ಲ ಎನ್ನುವ ಕವಿಗಳೂ ಇದ್ದಾರೆ. ಎಲ್ಲರಿಗಿಂತ ಮೊದಲು ಅಕ್ಕನ ಕಥೆ ಬರೆದ ಹರಿಹರ ಕವಿ ಮಾತ್ರ, ಆಕೆ ಒಪ್ಪಿದಳು, ಆದರೆ ಷರತ್ತು ಹಾಕಿ ಒಪ್ಪಿದಳು ಎನ್ನುತ್ತಾನೆ. ಆ ಷರತ್ತುಗಳನ್ನು ಸ್ವಲ್ಪ ಗಮನಿಸಬೇಕು. ಒಡವೆ ಕೇಳಲಿಲ್ಲ, ಅಧಿಕಾರ ಕೇಳಲಿಲ್ಲ. ತನ್ನ ಇಷ್ಟದಂತೆ ಲಿಂಗಪೂಜೆ, ತನ್ನ ಇಷ್ಟದಂತೆ ಗುರುಸೇವೆ, ತನ್ನ ಇಷ್ಟದಂತೆ ಶರಣರ ಸಂಗ, ಇಷ್ಟೇ. ಒಂದು ಕಡೆ ತನ್ನ ಪಾಡಿಗೆ ತಾನಿರುವುದು, ಇನ್ನೊಂದು ಕಡೆ ಬೇಕಾದವರ ಜೊತೆ ಕೂಡುವುದು, ಎರಡನ್ನೂ ಕೇಳಿದಳು. ಎಂಟುನೂರು ವರ್ಷದ ಹಿಂದೆ ಒಬ್ಬ ಸೊಸೆ ಅರಮನೆಯಲ್ಲಿ ಹೀಗೆ ಕೇಳುವುದೆಂದರೆ ಸಾಮಾನ್ಯವೇ?

ಕೌಶಿಕ ಮಾತು ಕೊಟ್ಟ, ಮುರಿದ. ಆಕೆ ಸೈರಿಸಿದಳು. ಮೂರನೇ ಸಲ ಮುರಿದಾಗ ಅವನು ಕೊಟ್ಟ ಸೀರೆ, ಒಡವೆ ಎಲ್ಲವನ್ನೂ ಅಲ್ಲೇ ಬಿಸಾಕಿ, ಕೂದಲನ್ನೇ ಮೈಗೆ ಮರೆಮಾಡಿಕೊಂಡು ಹೊರಟೇಬಿಟ್ಟಳು. ಜೊತೆಗೆ ಯಾರೂ ಇಲ್ಲ. ದಾರಿಯಲ್ಲಿ ಹಸಿವಾದರೆ ಭಿಕ್ಷೆ, ಮಲಗಲು ಹಾಳುದೇಗುಲ.

ಹೀಗೆ ಎಲ್ಲ ಬಿಟ್ಟವಳು ನೇರ ಕಾಡಿಗೆ ಹೋಗಬಹುದಿತ್ತು. ಶೂನ್ಯಸಂಪಾದನೆಯ ಪ್ರಕಾರ ಆಕೆ ಮೊದಲು ಹೋದದ್ದು ಕಲ್ಯಾಣಕ್ಕೆ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಆಗ ಶರಣರ ದೊಡ್ಡ ಬಳಗವೇ ಕೂಡಿತ್ತು. ಅನುಭವ ಮಂಟಪದಲ್ಲಿ ಅರಸನ ಮಂತ್ರಿಯೂ ಕೂರಬಹುದು, ಬಿದ್ದ ಅಕ್ಕಿ ಆಯುವ ಮಾರಯ್ಯನ ಹೆಂಡತಿ ಲಕ್ಕಮ್ಮನೂ ಮಾತಾಡಬಹುದು. ಆದರೂ ಅಕ್ಕನಿಗೆ ಪ್ರವೇಶ ಸುಲಭವಾಗಲಿಲ್ಲ. ಅಲ್ಲಮಪ್ರಭುಗಳು ಬಾಗಿಲಲ್ಲೇ ತಡೆದು ಗಂಡ ಯಾರೆಂದು ಕೇಳಿದರು. ಎಲ್ಲ ಬಿಟ್ಟವಳಿಗೆ ಕೂದಲಿನ ಮರೆ ಯಾತಕ್ಕೆ ಎಂದೂ ಕೇಳಿದರು. ತನಗಾಗಿ ಅಲ್ಲ, ನೋಡುವವರ ಮನಸ್ಸು ನೋಯಬಾರದೆಂದು ಎಂಬರ್ಥದ ಉತ್ತರ ಕೊಟ್ಟಳಂತೆ. ಅರಸನಿಗೆ ಹೆದರದವಳು ಎದುರಿಗೆ ಕೂತವರ ಕಷ್ಟವನ್ನು ಮಾತ್ರ ಮರೆತಿರಲಿಲ್ಲ. ಸಭೆಯೇ ತಲೆಬಾಗಿತು.

ಅಲ್ಲಿಂದ ಆಕೆ ಎಲ್ಲರಿಗೂ ಅಕ್ಕ. ವಯಸ್ಸಿನಲ್ಲಿ ಎಷ್ಟೋ ಜನಕ್ಕಿಂತ ಚಿಕ್ಕವಳು, ಆದರೂ ಹಿರಿಯ ಶರಣರೇ ಅಕ್ಕ ಎಂದರು. ರಾಣಿ ಎಂಬ ಹೆಸರನ್ನು ಬಿಟ್ಟು ಬಂದವಳಿಗೆ ಸಿಕ್ಕಿದ್ದು ಒಡಹುಟ್ಟಿದವಳ ಹೆಸರು. ಬಸವಣ್ಣ, ಚೆನ್ನಬಸವಣ್ಣ, ನೀಲಮ್ಮ, ಮುಕ್ತಾಯಕ್ಕ ಇವರೆಲ್ಲ ಇದ್ದ ಕಾಲ ಅದು. ಅಕ್ಕನ ಹೆಸರಿನಲ್ಲಿ ಇವತ್ತು 400ಕ್ಕೂ ಹೆಚ್ಚು ವಚನಗಳು ಸಿಕ್ಕಿವೆ, ಯೋಗಾಂಗ ತ್ರಿವಿಧಿ ಬೇರೆ.

ಕಲ್ಯಾಣದಲ್ಲಿ ಅನ್ನವಿತ್ತು, ಆದರವಿತ್ತು, ತನ್ನವರು ಎನ್ನುವ ಜನವಿತ್ತು. ಅಲ್ಲೇ ಇದ್ದುಬಿಟ್ಟಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಆಕೆಯ ಗುರಿ ಶ್ರೀಶೈಲ. ಅರಮನೆಯನ್ನು ಬಿಡುವಾಗ ಯಾರನ್ನೂ ಕೇಳದವಳು ಕಲ್ಯಾಣ ಬಿಡುವಾಗ ಶರಣರೆಲ್ಲರಿಗೂ ಕೈಮುಗಿದು, ಅಪ್ಪಣೆ ಪಡೆದು ಹೊರಟಳು. ತವರಿನಿಂದ ಮಗಳನ್ನು ಕಳಿಸಿದ ಹಾಗೆ ಅವರೂ ಕಳಿಸಿಕೊಟ್ಟರು. ಹರಿಹರನ ಕಥೆಯಲ್ಲಿ ಹೆತ್ತವರು ಶ್ರೀಶೈಲದವರೆಗೂ ಹುಡುಕಿಕೊಂಡು ಬರುತ್ತಾರೆ. ಆಕೆ ಮುಖ ತಿರುಗಿಸಲಿಲ್ಲ, ಮಾತಾಡಿಸಿ ಸಮಾಧಾನ ಹೇಳಿದಳು. ಹಿಂದಕ್ಕೆ ಮಾತ್ರ ಹೋಗಲಿಲ್ಲ. ಕದಳೀವನದಲ್ಲಿ ಮಲ್ಲಿಕಾರ್ಜುನನಲ್ಲಿ ಐಕ್ಯಳಾದಳು.

ಶ್ರೀಶೈಲಕ್ಕೆ ಹೋಗುವವರು ಪಾತಾಳಗಂಗೆಯಿಂದ ದೋಣಿಯಲ್ಲಿ ಅಕ್ಕಮಹಾದೇವಿ ಗುಹೆಯನ್ನು ನೋಡಿಬರಬಹುದು. ಒಳಗಡೆ ಇಕ್ಕಟ್ಟು, ಕತ್ತಲೆ. ಒಬ್ಬೊಬ್ಬರೇ ನುಸುಳಬೇಕು. ಯುಗಾದಿ ಹತ್ತಿರ ಬಂದರೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸಾವಿರಾರು ಜನ ಮಲ್ಲಯ್ಯನ ಹೆಸರು ಹೇಳುತ್ತ, ಗುಂಪುಗುಂಪಾಗಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ದಾರಿಯುದ್ದಕ್ಕೂ ಊರಿನವರು ಪ್ರಸಾದ, ಮಜ್ಜಿಗೆ ಕೊಟ್ಟು, ನೊಂದ ಕಾಲಿಗೆ ಎಣ್ಣೆ ಹಚ್ಚಿ ಮುಂದಕ್ಕೆ ಕಳಿಸುತ್ತಾರೆ.